ಹಳೆ ಅಂಬಾಸಿಡರ್ ಎಂಜಿನ್ ಕಟ್ಟುವಾಗ ಬೋಲ್ಟು-ನಟ್ಟು ಆರಿಸುವುದು, ಬಿಗಿಯುವುದು, ಸಡಿಲವಾಗದಂತೆ ಮಾಡುವುದು

ಎಂಜಿನ್ ಓವರ್‌ಹಾಲ್‌ಗೆ ಇಳಿದವರು ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಹುಡುಕಿ ಹುಡುಕಿ ತರುತ್ತಾರೆ. ಬೋಲ್ಟಿನ ವಿಷಯ ಬಂದಾಗ ಮಾತ್ರ ಹಳೆ ಡಬ್ಬಿಗೆ ಕೈ ಹಾಕಿ, ಸಿಕ್ಕಿದ್ದರಲ್ಲಿ ಕೂರುವುದನ್ನು ಕೂರಿಸುತ್ತಾರೆ. ಆದರೆ ಆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಹಿಡಿದಿಡುವುದು ಎರಡೇ ಎರಡು ಬೋಲ್ಟು. ಒಂದು ಕಳಚಿದರೆ ಕನೆಕ್ಟಿಂಗ್ ರಾಡ್ ಬ್ಲಾಕನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ಮಾರಿಸ್ ಆಕ್ಸ್‌ಫರ್ಡ್, ಎಂಜಿಎ, ಎಂಜಿಬಿ ಕಾರುಗಳಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್. ನಿಮ್ಮ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿಯಾದರೆ ಅದರ ಮೂಲ ಫಿಯಟ್, ಥ್ರೆಡ್ ಮೆಟ್ರಿಕ್. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿನ ಅಂಬಾಸಿಡರ್ ಕೂಡ ಬೇರೆಯೇ ಲೆಕ್ಕ. ಅಳತೆಗಳು ಬದಲಾಗುತ್ತವೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಬೋಲ್ಟು ಒಂದು ಸ್ಪ್ರಿಂಗ್. ನಟ್ಟು ಬಿಗಿದಾಗ ಬೋಲ್ಟು ಎಳೆದುಕೊಂಡು ಒಂದಿಷ್ಟು ಉದ್ದವಾಗುತ್ತದೆ. 50 ಮಿಲಿಮೀಟರ್ ಹಿಡಿತದ ಒಳ್ಳೆಯ ಬೋಲ್ಟು ಸರಿಯಾಗಿ ಬಿಗಿದಾಗ ಸುಮಾರು 0.1 ಮಿಲಿಮೀಟರ್ ಹಿಗ್ಗುತ್ತದೆ. ಅದು ವಾಪಸ್ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಲಾಕ್ ವಾಷರ್, ಅಂಟು, ಪಿನ್ನು ಇವೆಲ್ಲ ಆಮೇಲಿನ ಮಾತು. ಎಳೆತ ಸರಿಯಿಲ್ಲದ ಕಡೆ ಯಾವ ಲಾಕ್ ಹಾಕಿದರೂ ಉಪಯೋಗವಿಲ್ಲ.

ಬಿಚ್ಚುವ ದಿನವೇ ಅರ್ಧ ಕೆಲಸ

ದೊಡ್ಡ ರಟ್ಟಿನ ಹಾಳೆ ನಾಲ್ಕು ತೆಗೆದುಕೊಳ್ಳಿ. ಒಂದರ ಮೇಲೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ), ಒಂದರ ಮೇಲೆ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತಟ್ಟೆ), ಒಂದರ ಮೇಲೆ ಟೈಮಿಂಗ್ ಕವರ್ (ಟೈಮಿಂಗ್ ಚೈನಿನ ಮುಚ್ಚಳ), ಇನ್ನೊಂದರ ಮೇಲೆ ಮ್ಯಾನಿಫೋಲ್ಡ್‌ನ ಆಕಾರ ಬರೆಯಿರಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ವಾಷರ್ ಸಮೇತ ಅದರ ಜಾಗದಲ್ಲೇ ಚುಚ್ಚಿಡಿ. ಟೈಮಿಂಗ್ ಕವರ್‌ನಂಥ ಕಡೆ ಎರಡು ಮೂರು ಅಳತೆಯ ಬೋಲ್ಟು ಬರುತ್ತವೆ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಆರು ತಿಂಗಳ ನಂತರ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೊಬೈಲ್‌ನಲ್ಲಿ ಫೋಟೋ ಬೇಕಾದಷ್ಟು ತೆಗೆಯಿರಿ, ಆದರೆ ಫೋಟೋದಲ್ಲಿ ಬೋಲ್ಟಿನ ಉದ್ದ ಕಾಣುವುದಿಲ್ಲ.

ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಮರುದಿನ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಬರಲಿಲ್ಲ ಅಂದರೆ ನಟ್ಟಿಗೆ ಶಾಖ ಕೊಡಿ. ಸುತ್ತಿಗೆ ಏಟು, ಉದ್ದ ಪೈಪು ಕೊನೆಗಿರಲಿ. ಸ್ಟಡ್, ಅಂದರೆ ಬ್ಲಾಕಿನೊಳಗೆ ತಿರುಗಿಸಿ ಕೂರಿಸಿದ ತಲೆಯಿಲ್ಲದ ಬೋಲ್ಟು, ಮುರಿದರೆ ಬ್ಲಾಕನ್ನು ಹೊತ್ತುಕೊಂಡು ಲೇತ್ ಅಂಗಡಿಗೆ ಹೋಗಬೇಕು.

ಬಿ-ಸೀರೀಸ್‌ನಲ್ಲಿ ಒಂದು ಎಚ್ಚರ ಬೇಕು. ರಾಕರ್ ಶಾಫ್ಟಿನ (ವಾಲ್ವ್ ಒತ್ತುವ ಸನ್ನೆಗಳನ್ನು ಹೊತ್ತ ದಂಡ) ನಾಲ್ಕು ಕಂಬಗಳನ್ನು ಹಿಡಿದ ಎಂಟು ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ. ರಾಕರ್ ಮಾತ್ರ ತೆಗೆಯೋಣ ಎಂದು ಆ ನಾಲ್ಕನ್ನು ಸಡಿಲಿಸಿದರೆ ಹೆಡ್ಡಿನ ಒಂದು ಬದಿ ಬಿಗಿಯಾಗೇ ಇದ್ದು, ಇನ್ನೊಂದು ಬದಿ ಬಿಟ್ಟುಕೊಂಡು, ಹೆಡ್ ಬಾಗುತ್ತದೆ. ಆದ್ದರಿಂದ ಮೊದಲು ರೇಡಿಯೇಟರ್ ನೀರು ಇಳಿಸಿ. ಆಮೇಲೆ ಉಳಿದ ಏಳು ಹೆಡ್ ನಟ್ಟುಗಳನ್ನೂ ಸೇರಿಸಿ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಸರದಿಯಲ್ಲಿ ಸಡಿಲಿಸಿ.

ಥ್ರೆಡ್ ಯಾವುದು ಅಂತ ಗುರುತಿಸಿ

ಇದರಲ್ಲಿ ಅವಸರ ಮಾಡಬೇಡಿ. ಹೆಚ್ಚಿನ ಅನಾಹುತ ಶುರುವಾಗುವುದು ಇಲ್ಲಿಂದಲೇ.

1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ ಯುನಿಫೈಡ್ ಥ್ರೆಡ್ ಒಪ್ಪಿಕೊಂಡವು. ಅದರಲ್ಲಿ ಸಣ್ಣ ಥ್ರೆಡ್ಡಿಗೆ ಯುಎನ್‌ಎಫ್, ದಪ್ಪ ಥ್ರೆಡ್ಡಿಗೆ ಯುಎನ್‌ಸಿ ಎನ್ನುತ್ತಾರೆ. 1950ರ ದಶಕದಲ್ಲಿ ಬ್ರಿಟಿಷ್ ಕಾರುಗಳು ಇದಕ್ಕೆ ಬದಲಾದವು. ಹೀಗಾಗಿ ಬಿ-ಸೀರೀಸ್‌ನಲ್ಲಿ ಹೆಚ್ಚಿನದು ಯುಎನ್‌ಎಫ್. ಆದರೆ ಎಸ್‌ಯು ಕಾರ್ಬುರೇಟರ್, ಲೂಕಾಸ್ ವಿದ್ಯುತ್ ಭಾಗಗಳಲ್ಲಿ ಸಣ್ಣ ಬಿಎ (ಬ್ರಿಟಿಷ್ ಅಸೋಸಿಯೇಷನ್) ಸ್ಕ್ರೂಗಳು ಸಿಗುತ್ತವೆ. ಎಣ್ಣೆ ಪೈಪಿನ ಜೋಡಣೆಗಳಲ್ಲಿ ಬಿಎಸ್‌ಪಿ ಪೈಪ್ ಥ್ರೆಡ್ ಇರುತ್ತದೆ. ಅದಕ್ಕೂ ಹಿಂದಿನ ಕಾರಾದರೆ ವಿಟ್‌ವರ್ಥ್ ಮತ್ತು ಬಿಎಸ್‌ಎಫ್ ಎಂಬ ಹಳೆ ಬ್ರಿಟಿಷ್ ಥ್ರೆಡ್‌ಗಳು. ಇವುಗಳ ಥ್ರೆಡ್ ಕೋನ 55 ಡಿಗ್ರಿ, ಯುನಿಫೈಡ್‌ನದು 60. ಅರ್ಧ ಇಂಚಿನದು ಬಿಟ್ಟರೆ ಸಾಮಾನ್ಯ ಅಳತೆಗಳಲ್ಲಿ ವಿಟ್‌ವರ್ಥ್‌ಗೂ ಯುಎನ್‌ಸಿಗೂ ಇಂಚಿಗೆ ಇಷ್ಟು ಸುತ್ತು ಎನ್ನುವ ಲೆಕ್ಕ ಒಂದೇ. ಆದ್ದರಿಂದ ಒಂದು ಇನ್ನೊಂದಕ್ಕೆ ಹೋಗಿಯೂ ಬಿಡುತ್ತದೆ. ಹೋಯಿತು ಅಂದ ಮಾತ್ರಕ್ಕೆ ಪೂರ್ತಿ ಕೂತಿತು ಅಂತಲ್ಲ.

ಬೇಕಾಗುವ ಸಲಕರಣೆ ಎರಡೇ: ವರ್ನಿಯರ್ ಮತ್ತು ಇಂಚು, ಮೆಟ್ರಿಕ್ ಎರಡೂ ಇರುವ ಥ್ರೆಡ್ ಗೇಜ್. ಬೋಲ್ಟಿನ ದಪ್ಪ ಅಳೆಯಿರಿ, ಗೇಜಿನ ಹಲ್ಲು ಕೂರಿಸಿ ಬೆಳಕಿಗೆ ಹಿಡಿದು ನೋಡಿ. ಯುಎನ್‌ಎಫ್‌ನಲ್ಲಿ 1/4 ಇಂಚು ದಪ್ಪದ ಬೋಲ್ಟಿಗೆ ಇಂಚಿಗೆ 28 ಸುತ್ತು, 5/16 ಮತ್ತು 3/8ಕ್ಕೆ 24, 7/16 ಮತ್ತು 1/2ಕ್ಕೆ 20. ಯುಎನ್‌ಸಿಯಲ್ಲಿ 1/4ಕ್ಕೆ 20, 5/16ಕ್ಕೆ 18, 3/8ಕ್ಕೆ 16. ಇದನ್ನು ಒಂದು ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಮೇಲೆ ಅಂಟಿಸಿ.

ನಮ್ಮಲ್ಲಿ ಅತಿ ಅಪಾಯದ ಜೋಡಿ 5/16 ಇಂಚು ಮತ್ತು 8 ಮಿಲಿಮೀಟರ್. 5/16 ಅಂದರೆ 7.94 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಆದರೆ ಎಂ8ನ (8 ಮಿಲಿಮೀಟರ್ ಬೋಲ್ಟಿನ) ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ, 1.25 ಮಿಲಿಮೀಟರ್, 5/16 ಯುಎನ್‌ಎಫ್‌ನದು 1.06. ನಾನು ಮೊದಲ ಸಲ ಎಂಜಿನ್ ಕಟ್ಟಿದಾಗ ಥರ್ಮೋಸ್ಟ್ಯಾಟ್ ಮುಚ್ಚಳದ ಸ್ಟಡ್ಡಿಗೆ 8 ಎಂಎಂ ನಟ್ಟು ಹಾಕಿದ್ದೆ. ಒಂದು ಸುತ್ತು ಕೈಯಲ್ಲೇ ಹೋಯಿತು, ಆಮೇಲೆ ಬಿಗಿಯಾಯಿತು. ಚೆನ್ನಾಗಿ ಟೈಟ್ ಆಗಿದೆ ಅಂದುಕೊಂಡೆ. ಆ ಬಿಗಿ ನಟ್ಟು ಕೂತಿದ್ದಕ್ಕೆ ಬಂದದ್ದಲ್ಲ, ಥ್ರೆಡ್ ಥ್ರೆಡ್ಡನ್ನು ಕಚ್ಚಿದ್ದಕ್ಕೆ ಬಂದದ್ದು. ಘಾಟಿ ಹತ್ತುವಾಗ ನೀರು ಸೋರಿತು. ಬಿಚ್ಚಿದರೆ ನಟ್ಟಿನ ಜೊತೆ ಸ್ಟಡ್ಡಿನ ಥ್ರೆಡ್ ಕೂಡ ಸುರುಳಿಯಾಗಿ ಬಂತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಯಾವ ನಟ್ಟಾದರೂ ಸ್ಪ್ಯಾನರ್ ಮುಟ್ಟುವ ಮೊದಲು ಬೆರಳಿನಲ್ಲೇ ಪೂರ್ತಿ ಓಡಬೇಕು.

ಸ್ಪ್ಯಾನರ್ ಕೂಡ ಸರಿಯಾದದ್ದೇ ಬೇಕು. 1/4 ಯುಎನ್‌ಎಫ್ ತಲೆಗೆ 7/16, 5/16ಕ್ಕೆ 1/2, 3/8ಕ್ಕೆ 9/16 ಇಂಚಿನ ಸ್ಪ್ಯಾನರ್. 1/2 ಇಂಚಿನ ತಲೆಗೆ 13 ಎಂಎಂ ಸ್ಪ್ಯಾನರ್ ಹೇಗೋ ಕೂರುತ್ತದೆ, ಆದರೆ ಸಡಿಲ. ಸಲ ಸಲಕ್ಕೂ ಮೂಲೆ ಸವೆದು ಕೊನೆಗೆ ನಟ್ಟು ಉರುಟಾಗುತ್ತದೆ. ಹಳೆ ಕಾರು ಇಟ್ಟುಕೊಂಡವರು ಒಂದು ಇಂಚಿನ ಸ್ಪ್ಯಾನರ್ ಸೆಟ್ ಕೊಳ್ಳಲೇಬೇಕು.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು

ಡೀಸೆಲ್ಲೋ ಸೀಮೆಎಣ್ಣೆಯೋ ಹಾಕಿ ತೊಳೆದು ಒಂದೊಂದನ್ನೇ ನೋಡಿ. ಥ್ರೆಡ್ ಶುರುವಾಗುವ ಜಾಗದಲ್ಲಿ ಬೋಲ್ಟು ಸೊಂಟದ ಹಾಗೆ ಸಣ್ಣಗಾಗಿದೆಯಾ? ಗೇಜಿನ ಹಲ್ಲು ಉದ್ದಕ್ಕೂ ಕೂರುತ್ತದಾ, ನಡುವೆ ಬೆಳಕು ಕಾಣುತ್ತದಾ? ಬೆಳಕು ಕಂಡರೆ ಆ ಬೋಲ್ಟು ಹಿಗ್ಗಿ ವಾಪಸ್ ಬಂದಿಲ್ಲ ಅಂತ ಅರ್ಥ. ತುಕ್ಕು ತಿಂದ ಗುಳಿ ಇದ್ದರೆ ಅದೂ ಬೇಡ, ಆ ಗುಳಿಯಿಂದಲೇ ಬಿರುಕು ಶುರುವಾಗುತ್ತದೆ.

ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿ) ಬೋಲ್ಟು ಎಷ್ಟೇ ಚೆನ್ನಾಗಿ ಕಂಡರೂ ಹೊಸದು ಹಾಕಿ. ಪ್ರತಿ ಸುತ್ತಿನಲ್ಲೂ ಎಳೆತ ತಿಂದು, ಐವತ್ತು ವರ್ಷದ ಲೆಕ್ಕವೇ ಸಿಗದ ಬೋಲ್ಟು ಅದು. ಮಡಚುವ ಲಾಕ್ ವಾಷರ್, ಸ್ಪ್ಲಿಟ್ ಪಿನ್, ನೈಲಾನ್ ಲಾಕ್ ನಟ್ ಇವೂ ಪ್ರತಿ ಸಲ ಹೊಸದೇ.

ಇನ್ನೊಂದು ಮಾತು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಳೆ ಬೋಲ್ಟುಗಳನ್ನು ಹೊಳೆಯುವಂತೆ ಮಾಡಿಸಲು ಪ್ಲೇಟಿಂಗ್ ಅಂಗಡಿಗೆ ಕೊಡುವ ಅಭ್ಯಾಸ ಇದೆ. ಚೇಂಬರ್ ಬೋಲ್ಟಿಗೆ ಅಡ್ಡಿಯಿಲ್ಲ. ಆದರೆ ತುಂಬ ಗಟ್ಟಿಯಾದ ಹೈ ಟೆನ್ಸೈಲ್ ಬೋಲ್ಟನ್ನು ಆಸಿಡ್‌ನಲ್ಲಿ ಅದ್ದಿ ಸತು ಹಚ್ಚಿದರೆ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಪ್ಲೇಟಿಂಗ್ ಆದ ಕೂಡಲೇ ಗಂಟೆಗಟ್ಟಲೆ ಕುಲುಮೆಯಲ್ಲಿ ಕಾಯಿಸಿ ಅದನ್ನು ಹೊರಹಾಕದಿದ್ದರೆ, ಬಿಗಿದು ಬಿಟ್ಟ ಬೋಲ್ಟು ಒಂದೆರಡು ದಿನದಲ್ಲಿ ತಾನಾಗಿಯೇ ಮುರಿಯಬಹುದು. ಎಂಜಿನ್ ಒಳಗಿನ ಬೋಲ್ಟುಗಳಿಗೆ ಎಣ್ಣೆ ಸವರಿದ ಕಪ್ಪು ಬಣ್ಣವೇ ಚೆಂದ.

ಗ್ರೇಡ್ ಓದುವುದು ಹೇಗೆ

ಬೋಲ್ಟಿನ ತಲೆಯ ಮೇಲೆ ಬರೆದಿರುತ್ತದೆ. ಮೆಟ್ರಿಕ್‌ನಲ್ಲಿ 8.8 ಅಂದರೆ 800 ಮೆಗಾಪ್ಯಾಸ್ಕಲ್ ತನಕ ಮುರಿಯದು, ಅದರ 0.8 ಪಾಲು, ಅಂದರೆ 640 ದಾಟಿದರೆ ಹಿಗ್ಗಿದ್ದು ಹಿಗ್ಗಿದಂತೇ ಉಳಿಯುತ್ತದೆ. 10.9, 12.9 ಕೂಡ ಇದೇ ಲೆಕ್ಕ. ಅಮೆರಿಕದ ಎಸ್‌ಎಇ ಬೋಲ್ಟಿನ ತಲೆಯಲ್ಲಿ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ಅಂದಾಜಿಗೆ ಗ್ರೇಡ್ 5 ಅಂದರೆ 8.8ರ ಹತ್ತಿರ, ಗ್ರೇಡ್ 8 ಅಂದರೆ 10.9ರ ಹತ್ತಿರ. ಹಳೆ ಬ್ರಿಟಿಷ್ ಬೋಲ್ಟಿನಲ್ಲಿ ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳ ಸಾಲು ಕಂಡರೆ ಅದು ಯುನಿಫೈಡ್ ಥ್ರೆಡ್ಡಿನ ಗುರುತು. ಜೊತೆಗಿರುವ ಆರ್, ಎಸ್, ಟಿ ಎಂಬ ಅಕ್ಷರ ಅದರ ಬಲ ಹೇಳುತ್ತದೆ.

ಗುರುತೇ ಇಲ್ಲದ ಬೋಲ್ಟು ಬಲವಾದ ಕೆಲಸಕ್ಕೆ ಬೇಡ. ಹಾಗಂತ ಎಲ್ಲ ಕಡೆ ಗ್ರೇಡ್ 8 ತುರುಕುವುದೂ ಸರಿಯಲ್ಲ. ಎರಕದ ಕಬ್ಬಿಣದ ಬ್ಲಾಕಿನೊಳಗೆ ಅದರ ಪೂರ್ತಿ ಶಕ್ತಿಗೆ ಬಿಗಿದರೆ ಬೋಲ್ಟು ಉಳಿಯುತ್ತದೆ, ಬ್ಲಾಕಿನ ಥ್ರೆಡ್ ಹೋಗುತ್ತದೆ. ಕವರ್, ಚೇಂಬರ್, ವಾಟರ್ ಪಂಪ್ ಇವಕ್ಕೆ ಗ್ರೇಡ್ 5 ಬೇಕಾದಷ್ಟಾಯಿತು.

ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ. ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಬೋಲ್ಟು 8.8ಕ್ಕಿಂತ ಮೆತ್ತಗೆ. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಕಚ್ಚಿಕೊಂಡು ಬಿಡಿಸಲಾಗದಂತೆ ಕೂರುವುದೂ ಉಂಟು. ರಾಕರ್ ಕವರ್‌ನಂಥ ಹೊರಗಿನ ಭಾಗಕ್ಕೆ ಹಾಕಿ, ಬಿಗ್ ಎಂಡ್, ಮೇನ್ ಬೇರಿಂಗ್ (ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿಯುವ ಬೇರಿಂಗ್), ಫ್ಲೈವೀಲ್ ಹತ್ತಿರ ತರಬೇಡಿ.

ಬೆಂಗಳೂರಿನಲ್ಲಿ ಇದ್ದವರು ಜೆ.ಸಿ. ರಸ್ತೆ, ಎಸ್.ಪಿ. ರಸ್ತೆ ಕಡೆ ಹುಡುಕುತ್ತಾರೆ. ಹೋಗುವಾಗ ಹಳೆ ಬೋಲ್ಟು, ಅದಕ್ಕೆ ಸರಿಯಾದ ನಟ್ಟು, ಥ್ರೆಡ್ ಗೇಜ್ ಮೂರೂ ಜೇಬಿನಲ್ಲಿರಲಿ. ಅಂಗಡಿಯಲ್ಲೇ ನಟ್ಟು ಓಡಿಸಿ ನೋಡಿ, ತಲೆಯ ಗುರುತು ಓದಿ ತನ್ನಿ. ಬಿಗ್ ಎಂಡ್ ಬೋಲ್ಟು, ಹೆಡ್ ಸ್ಟಡ್ ಮಾತ್ರ ಬಿಡಿಯಾಗಿ ಬೇಡ. ಬಿ-ಸೀರೀಸ್ ಎಂಜಿನ್ನಿಗೆ ಅಂತಲೇ ಮಾಡಿದ ಸೆಟ್ ತರಿಸಿ. ಎಂಜಿಬಿ ಇರುವ ದೇಶಗಳಲ್ಲೆಲ್ಲ ಇದಕ್ಕೆ ಬೇಡಿಕೆ ಇರುವುದರಿಂದ ಈಗಲೂ ಸಿಗುತ್ತದೆ. ನಿಮ್ಮ ರಾಡಿಗೆ ಯಾವುದು ಅಂತ ನೋಡಿಯೇ ಆರ್ಡರ್ ಮಾಡಿ, ಹಳೆಯ ಬಿ-ಸೀರೀಸ್ ರಾಡಿನ ಬಿಗ್ ಎಂಡ್ ಓರೆಯಾಗಿ ಸೀಳಿರುತ್ತದೆ, ನಂತರದ್ದು ನೇರವಾಗಿ.

ಉದ್ದ, ತೂತು, ಥ್ರೆಡ್ ಸ್ವಚ್ಛತೆ

ಉಕ್ಕಿನ ನಟ್ಟಿನೊಳಗೆ ಬೋಲ್ಟಿನ ದಪ್ಪದಷ್ಟು ಥ್ರೆಡ್ ಕೂತರೆ ಸಾಕು. ಎರಕದ ಕಬ್ಬಿಣದಲ್ಲಿ ಒಂದೂವರೆಯಷ್ಟು ಬೇಕು, ಅಲ್ಯುಮಿನಿಯಂನಲ್ಲಿ ಎರಡರಷ್ಟು. ನಟ್ಟಿನಿಂದ ಒಂದೆರಡು ಥ್ರೆಡ್ ಹೊರಗೆ ಕಾಣಬೇಕು.

ತಳ ಮುಚ್ಚಿದ ತೂತಿನಲ್ಲಿ ವರ್ನಿಯರ್‌ನ ಆಳದ ಕಡ್ಡಿ ಇಳಿಸಿ ಅಳೆಯಿರಿ. ಬೋಲ್ಟು ತಳಕ್ಕೆ ಮುಟ್ಟಿದರೆ ಟಾರ್ಕ್ ರೆಂಚ್ (ತಿರುಚುವ ಬಲ, ಅಂದರೆ ಟಾರ್ಕ್, ಅಳೆಯುವ ಸ್ಪ್ಯಾನರ್) ಕ್ಲಿಕ್ ಅನ್ನುತ್ತದೆ, ಆದರೆ ಹೆಡ್ಡಿನ ಮೇಲೆ ಹಿಡಿತವೇ ಬಂದಿರುವುದಿಲ್ಲ. ತೂತಿನಲ್ಲಿ ಎಣ್ಣೆ ಅಥವಾ ನೀರು ನಿಂತಿದ್ದರೆ ಇನ್ನೂ ಕೆಟ್ಟದ್ದು. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಬೋಲ್ಟು ಇಳಿದಂತೆ ಒತ್ತಡ ಏರಿ ಬ್ಲಾಕೇ ಬಿರುಕು ಬಿಡುತ್ತದೆ. ಆದ್ದರಿಂದ ಕಂಪ್ರೆಸರ್ ಗಾಳಿ ಊದಿ ಪ್ರತಿ ತೂತನ್ನೂ ಒಣಗಿಸಿ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಊದಿ.

ಥ್ರೆಡ್ ಸ್ವಚ್ಛ ಮಾಡಲು ಹೊಸ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಬೇಡ, ಅದು ಲೋಹವನ್ನೂ ಕೆರೆಯುತ್ತದೆ. ಅದೇ ಅಳತೆಯ ಹಳೆ ಬೋಲ್ಟಿಗೆ ಹ್ಯಾಕ್ಸಾದಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ, ಅಂಚು ನಯ ಮಾಡಿ ಓಡಿಸಿ. ಕಸ ಸೀಳಿನೊಳಗೆ ತುಂಬಿಕೊಂಡು ಬರುತ್ತದೆ.

ಹೆಡ್ ಸ್ಟಡ್ ತೂತಿನ ಬಾಯಿಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿ. ವರ್ಷಗಟ್ಟಲೆ ಎಳೆತಕ್ಕೆ ಮೊದಲ ಥ್ರೆಡ್ ಮೇಲೆದ್ದು ಸಣ್ಣ ದಿಬ್ಬ ಆಗಿರುತ್ತದೆ. ಹಾಗೇ ಹೆಡ್ ಕೂರಿಸಿದರೆ ಗ್ಯಾಸ್ಕೆಟ್ ಅಲ್ಲಿ ಸರಿಯಾಗಿ ಒತ್ತುವುದಿಲ್ಲ. ಕೌಂಟರ್‌ಸಿಂಕ್ ಬಿಟ್ಟಿನಲ್ಲಿ ಬಾಯಿಯನ್ನು ಸ್ವಲ್ಪ ಓರೆ ಮಾಡಿ. ಸ್ಟಡ್ಡನ್ನು ಬ್ಲಾಕಿಗೆ ಹಾಕುವಾಗ ಕೈಬಿಗಿ ಸಾಕು, ತಿರುಚಿ ಜಾಮ್ ಮಾಡಬೇಡಿ. ಥ್ರೆಡ್ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಿ, ಸರಿಯಾಗಿ ಹಾಕಿದರೆ ಅದು ಮೊದಲಿನಷ್ಟೇ ಗಟ್ಟಿ.

ಎಣ್ಣೆ ಮತ್ತು ಟಾರ್ಕ್

ನೀವು ರೆಂಚಿನಲ್ಲಿ ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ತಿಕ್ಕಾಟಕ್ಕೆ ಹೋಗುತ್ತದೆ. ನೂರಕ್ಕೆ ಸುಮಾರು 40 ಪಾಲು ಥ್ರೆಡ್ಡಿನ ತಿಕ್ಕಾಟಕ್ಕೆ. ಬೋಲ್ಟು ಎಳೆಯಲು ಉಳಿಯುವುದು ನೂರಕ್ಕೆ ಹತ್ತೇ. ಅದಕ್ಕೇ ತುಕ್ಕು, ಒಣ ಥ್ರೆಡ್, ಎಣ್ಣೆ, ಗ್ರೀಸ್ ಇವು ಇಷ್ಟು ವ್ಯತ್ಯಾಸ ಮಾಡುವುದು. ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಎಳೆತ ಮಿತಿ ಮೀರುತ್ತದೆ. ಬೋಲ್ಟು ಮಾಡಿದವರು ತಮ್ಮದೇ ಗ್ರೀಸ್ ಕೊಟ್ಟಿದ್ದರೆ ಅದನ್ನೇ ಹಚ್ಚಿ, ಅವರು ಕೊಟ್ಟ ಟಾರ್ಕನ್ನೇ ಬಳಸಿ. ಎರಡನ್ನು ಬೆರೆಸಬೇಡಿ.

ಅಂದಾಜು ಸಿಗಲಿ ಅಂತ ಎಂಜಿಬಿ ಕೈಪಿಡಿಯ ಅಂಕಿಗಳು: ಮೇನ್ ಬೇರಿಂಗ್ ಕ್ಯಾಪ್ 70 ಪೌಂಡ್-ಅಡಿ, ಅಂದರೆ 95 ನ್ಯೂಟನ್-ಮೀಟರ್. ಹೆಡ್ 45ರಿಂದ 50, ಅಂದರೆ 61ರಿಂದ 68. ಮೊದಮೊದಲ ಬಿಗ್ ಎಂಡ್ 35ರಿಂದ 40, ಅಂದರೆ 47ರಿಂದ 54. ರಾಕರ್ ಕಂಬ 25, ಅಂದರೆ 34. ಚೇಂಬರ್ ಬರೀ 6, ಅಂದರೆ 8. ಎಂಜಿಬಿಯಲ್ಲೇ ಬಿಗ್ ಎಂಡಿಗೆ ಹನ್ನೆರಡು ಮೂಲೆಯ ನಟ್ಟು ಬಂದ ಮೇಲೆ ಅದರ ಅಂಕಿ ಕಡಿಮೆಯಾಯಿತು. ಆದ್ದರಿಂದ ನಿಮ್ಮ ಎಂಜಿನ್ನಿನ ಕೈಪಿಡಿಯನ್ನೇ ತೆರೆದಿಟ್ಟುಕೊಂಡು ಕೆಲಸ ಮಾಡಿ, ನನ್ನ ಅಂಕಿಯಿಂದ ಬಿಗಿಯಬೇಡಿ.

ಒಂದೇ ಏಟಿಗೆ ಬಿಗಿಯುವುದು ಬೇಡ. ಮೂರು ಹಂತ ಮಾಡಿ. ಹೆಡ್ಡಿನಲ್ಲಿ ನಡುವಿನಿಂದ ಶುರು ಮಾಡಿ ಸುರುಳಿಯಂತೆ ಹೊರಗೆ ಹೋಗಿ. ರೆಂಚನ್ನು ನಿಧಾನವಾಗಿ, ಒಂದೇ ಸಮ ಎಳೆಯಿರಿ. ನಟ್ಟಿನ ಅಡಿಗೆ ಗಟ್ಟಿ ಮಾಡಿದ ವಾಷರ್ ಇರಲಿ, ಮೆತ್ತನೆಯ ವಾಷರ್ ತಗ್ಗಾಗಿ ಎಳೆತ ಇಳಿಯುತ್ತದೆ. ಪ್ರತಿ ಮೇನ್ ಬೇರಿಂಗ್ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಿ ಬಿಗಿಯಾಯಿತು ಅನ್ನುವುದು ಆಗಲೇ ಗೊತ್ತಾಗುತ್ತದೆ.

ಯಾವ ಜಾಗಕ್ಕೆ ಯಾವ ಲಾಕ್

ಸ್ಪ್ರಿಂಗ್ ವಾಷರ್ ಮೇಲೆ ನಮಗೆಲ್ಲ ಬಹಳ ನಂಬಿಕೆ. ಆದರೆ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಒಂದು ಯಂತ್ರ ಕಟ್ಟಿ ತೋರಿಸಿದರು: ಬೋಲ್ಟಿನ ನೇರಕ್ಕೆ ಬರುವ ಬಲಕ್ಕಿಂತ ಅಡ್ಡಡ್ಡ ಅಲುಗಾಟವೇ ಅದನ್ನು ಸಡಿಲಿಸುವುದು. ಅಂಥ ಪರೀಕ್ಷೆಗಳಲ್ಲಿ ಸ್ಪ್ರಿಂಗ್ ವಾಷರ್ ಹೇಳಿಕೊಳ್ಳುವಷ್ಟು ತಡೆಯುವುದಿಲ್ಲ. ಬೋಲ್ಟು ಪೂರ್ತಿ ಬಿಗಿದಾಗ ಅದು ಚಪ್ಪಟೆಯಾಗಿ ಸಾದಾ ವಾಷರ್ ಆಗಿಬಿಡುತ್ತದೆ. ಮೂಲದಲ್ಲಿ ಇದ್ದ ಕಡೆ ಕವರ್‌ಗಳಿಗೆ ಹಾಕಿ, ಅದರ ಭರವಸೆಯ ಮೇಲೆ ಕೂರಬೇಡಿ.

ಹಳೆ ಬಿ-ಸೀರೀಸ್ ಬಿಗ್ ಎಂಡಿಗೆ ಮಡಚುವ ಲಾಕ್ ವಾಷರ್ ಬರುತ್ತದೆ. ಟಾರ್ಕ್ ಪೂರ್ತಿ ಆದ ಮೇಲೆಯೇ ಮಡಚಿ. ತಗಡು ಬೋಲ್ಟ್ ತಲೆಯ ಚಪ್ಪಟೆ ಬದಿಗೆ ಪೂರ್ತಿ ಒರಗಬೇಕು, ಮೂಲೆಗೆ ಅಲ್ಲ. ಕೂರದಿದ್ದರೆ ಟಾರ್ಕ್ ಮಿತಿಯೊಳಗೆ ಒಂಚೂರು ಮುಂದಕ್ಕೆ ಬಿಗಿಯಿರಿ. ಹಿಂದಕ್ಕೆ ಯಾವತ್ತೂ ತಿರುಗಿಸಬೇಡಿ. ಸ್ಪ್ಲಿಟ್ ಪಿನ್ ಹಾಕುವ ಕ್ಯಾಸಲ್ ನಟ್ಟಿಗೂ ಇದೇ ನಿಯಮ. ಹೊಸ ಕಾಲದ ಬಲವಾದ ರಾಡ್ ಬೋಲ್ಟಿನ ಸೆಟ್ ಹಾಕಿದರೆ, ಅದರ ಸೂಚನೆಯಲ್ಲಿ ಹೇಳದೆ ಈ ತಗಡನ್ನು ನಡುವೆ ಸೇರಿಸಬೇಡಿ. ಮೆತ್ತನೆಯ ತಗಡು ಕುಸಿದರೆ ಎಳೆತವೂ ಕುಸಿಯುತ್ತದೆ.

ನೈಲಾನ್ ಲಾಕ್ ನಟ್ ಸುಮಾರು 120 ಡಿಗ್ರಿ ತನಕ ಸರಿ. ಎಕ್ಸಾಸ್ಟ್ ಹತ್ತಿರ ಅದು ಕರಗಿ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹಿತ್ತಾಳೆ ನಟ್ಟು ಹಾಕಿ. ಸ್ಟಡ್ಡಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮುಂದಿನ ಸಲ ಬಿಚ್ಚುವವರಿಗೂ ಸುಲಭ.

ಲಾಕ್‌ಟೈಟ್‌ನಂಥ ಅಂಟು ಗಾಳಿ ಇಲ್ಲದ ಕಡೆ, ಲೋಹದ ಸಂಪರ್ಕದಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಥ್ರೆಡ್ ಎರಡೂ ಕಡೆ ಕ್ಲೀನರ್‌ನಲ್ಲಿ ಒರೆಸಿ ಒಣಗಿಸಿ, ಎರಡು ಹನಿ ಹಾಕಿ ಬಿಗಿಯಿರಿ, ಒಂದು ದಿನ ಬಿಡಿ. 5/16ರ ಬೋಲ್ಟು, ಕವರ್, ಬ್ರಾಕೆಟ್‌ಗಳಿಗೆ ನೀಲಿ ಬಣ್ಣದ 243 ಸಾಕು, ಸ್ಪ್ಯಾನರಿನಲ್ಲೇ ಬಿಚ್ಚಬಹುದು. ಕೆಂಪು 271 ಹಾಕಿದರೆ ಬಿಚ್ಚಲು ಬೆಂಕಿ ಬೇಕು. ಬಿಗ್ ಎಂಡ್, ಮೇನ್ ಬೇರಿಂಗ್, ಹೆಡ್ ನಟ್ಟಿಗೆ ಕೈಪಿಡಿ ಹೇಳದೆ ಇದನ್ನು ಹಾಕಬೇಡಿ, ತಿಕ್ಕಾಟ ಬದಲಾಗಿ ಟಾರ್ಕಿನ ಲೆಕ್ಕ ತಪ್ಪುತ್ತದೆ.

ಬಿಗಿದಾದ ಮೇಲೆ

ಪ್ರತಿ ನಟ್ಟಿಗೂ ಕೊನೆಯ ಟಾರ್ಕ್ ಆದ ಕೂಡಲೇ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟು, ವಾಷರ್, ಬ್ಲಾಕು ಮೂರರ ಮೇಲೂ ಗೆರೆ ಹಾಯಬೇಕು. ಯಾರಾದರೂ ಮಾತಾಡಿಸಿದರೋ ಫೋನ್ ಬಂತೋ ಅಂದರೆ ಎಲ್ಲಿ ನಿಲ್ಲಿಸಿದ್ದಿರಿ ಅಂತ ಗೆರೆಯೇ ಹೇಳುತ್ತದೆ. ಬಿಗ್ ಎಂಡ್ ಮುಗಿಸುವ ತನಕ ನಾನು ಫೋನ್ ಒಳಗೆ ಇಟ್ಟು ಬರುತ್ತೇನೆ.

ಎಂಜಿನ್ ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ, ಮತ್ತೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್ಟುಗಳನ್ನು ಅದೇ ಸರದಿಯಲ್ಲಿ ಪರೀಕ್ಷಿಸಿ. ಗ್ಯಾಸ್ಕೆಟ್ ಕೂತು ಎಳೆತ ಸ್ವಲ್ಪ ಇಳಿದಿರುತ್ತದೆ. ಬಿಗಿದು ಕೂತ ನಟ್ಟು ನೇರವಾಗಿ ಅಲುಗುವುದಿಲ್ಲ. ಒಂದೊಂದನ್ನೇ ಕಾಲು ಸುತ್ತು ಸಡಿಲಿಸಿ, ಕೂಡಲೇ ಟಾರ್ಕಿಗೆ ತನ್ನಿ. ಎಲ್ಲವನ್ನೂ ಒಟ್ಟಿಗೆ ಸಡಿಲಿಸಬೇಡಿ. ಹೆಡ್ ಕೂತಷ್ಟೂ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಬದಲಾಗುತ್ತದೆ, ಅದನ್ನೂ ಮತ್ತೆ ಸರಿಮಾಡಿ. ಆಮೇಲೆ ಹಳೆ ಗೆರೆ ಅಳಿಸಿ ಬೇರೆ ಬಣ್ಣದಲ್ಲಿ ಹೊಸ ಗೆರೆ ಎಳೆಯಿರಿ. ಮುಂದೆ ಬಾನೆಟ್ ತೆಗೆದಾಗಲೆಲ್ಲ, ಆಯಿಲ್ ನೋಡುವ ಜೊತೆಗೆ ಆ ಗೆರೆಗಳ ಮೇಲೂ ಒಮ್ಮೆ ಕಣ್ಣು ಹಾಯಿಸಿ.